ವಿರ್ಪಿಯ ನಾಲಿಗೆ

ರೌತಸಾರಿಯ ಐಸ್ ಹಾಕಿ ಕ್ಲಬ್ಬು ಆ ಚಳಿಗಾಲ ಡಿಸೆಂಬರ್ ಮುಗಿಯುವ ಮೊದಲೇ ಇಬ್ಬರು ಕೋಚ್‌ಗಳನ್ನು ನುಂಗಿ ನೀರು ಕುಡಿದಿತ್ತು. ಮೊದಲನೆಯವನು ಬೆನ್ನುನೋವು ಅಂತ ಹೇಳಿ ಹೋದ. ಎರಡನೆಯವನು ಏನೂ ಹೇಳದೆ ಹೋದ. ಮೂರನೆಯವನಾಗಿ ಬರಲು ಸುತ್ತಮುತ್ತ ನೂರು ಮೈಲಿಯಲ್ಲಿ ಒಬ್ಬ ಗಂಡಸೂ ಒಪ್ಪದೆ ಇದ್ದಾಗ ಕ್ಲಬ್ಬಿನ ಅಧ್ಯಕ್ಷ ರೈಮೋ ತಸ್ಕಿನೆನ್‌ಗೆ ವಿರ್ಪಿ ಹುಕ್ಕನೆನ್ ನೆನಪಾದಳು. ಹದಿನಾರು ವರ್ಷ ಗೋಲು ಕಾದವಳು, ಫಿನ್‌ಲ್ಯಾಂಡ್ ತಂಡದ ಅಂಗಿ ತೊಟ್ಟವಳು, ಕೋಚಿಂಗಿನ ಪರೀಕ್ಷೆಗಳನ್ನೆಲ್ಲ ಪಾಸು ಮಾಡಿ ಪ್ರಮಾಣಪತ್ರ ಗೋಡೆಗೆ ಹಾಕಿಕೊಂಡು ಮನೆಯಲ್ಲಿ ಕೂತಿದ್ದವಳು.

ಅವಳನ್ನು ಊರಿಗೆ ಪರಿಚಯಿಸುವ ಕಾರ್ಯಕ್ರಮ ಆಟದ ಅಂಗಳದ ಕ್ಯಾಂಟೀನಿನಲ್ಲಿ ನಡೆಯಿತು. ಹುರಿದ ಸಾಸೇಜಿನ ಹೊಗೆ, ಒದ್ದೆ ಜಾಕೆಟ್ಟುಗಳ ವಾಸನೆ. ಟೈರ್ ಅಂಗಡಿಯ ಮಾಲೀಕನಾದ ರೈಮೋ ಮೈಕು ಹಿಡಿದರೆ ಬಿಡುವ ಆಸಾಮಿಯಲ್ಲ.

"ಹೆಣ್ಣಿನ ಕೈ ತಾಗಿದ್ರೆ ನಮ್ಮ ಹುಡುಗ್ರು ಸ್ವಲ್ಪ ಮೆತ್ತಗಾಗ್ತಾರೆ, ಅದೂ ಬೇಕು ನೋಡಿ," ಅಂದ.

"ಆಗ್ಲೇ ಮೆತ್ತಗಿದ್ದಾರೆ," ಅಂದಳು ವಿರ್ಪಿ. "ಅದಕ್ಕೇ ಹನ್ನೊಂದು ಆಟ ಸೋತಿರೋದು."

ಊರ ಪತ್ರಿಕೆಯವನು ನೋಟ್‌ಬುಕ್ಕಿನಿಂದ ತಲೆ ಎತ್ತಿದ. "ಗಂಡಸರ ಡ್ರೆಸಿಂಗ್ ರೂಮಿಗೆ ಹೋಗೋದು ಮುಜುಗರ ಅನ್ಸಲ್ವಾ?"

"ವಾಸನೆ ಎರಡೂ ಕಡೆ ಒಂದೇ."

ಜನ ನಕ್ಕರು. ವಿರ್ಪಿ ನಗಲಿಲ್ಲ. ಅಲ್ಲಿ ಸೇರಿದ್ದವರನ್ನು ಒಂದು ಸಲ ಕಣ್ಣಾಡಿಸಿ ನೋಡಿ, ಇಷ್ಟು ಜನರಲ್ಲಿ ಆಟ ಗೊತ್ತಿರುವವನು ಮೂಲೆಯಲ್ಲಿ ಸ್ಕೇಟಿನ ಅಲಗು ಮಸೆಯುತ್ತಾ ಕೂತ, ತಂಡದ ಸಾಮಾನು ನೋಡಿಕೊಳ್ಳುವ ಮುದುಕ ತೌನೋ ಒಬ್ಬನೇ ಅಂತ ತೀರ್ಮಾನಿಸಿಬಿಟ್ಟಳು. ಆ ತೀರ್ಮಾನ ಹೆಚ್ಚು ಕಡಿಮೆ ಸರಿಯಾಗಿಯೇ ಇತ್ತು.

ಅವಳ ಆಟದ ಬದುಕನ್ನು ಊರು ದೊಡ್ಡದಾಗಿ ಹೇಳಿಕೊಳ್ಳುತ್ತಿತ್ತು. ಅವಳಿಗೆ ಮಾತ್ರ ಅದನ್ನು ನೆನೆದರೆ ಮೂಗು ಮುರಿಯುವ ಹಾಗಾಗುತ್ತಿತ್ತು. ಸ್ವೀಡನ್ನಿನಲ್ಲಿ ನಾಲ್ಕು ವರ್ಷ ಆಡಿದ್ದಳು. ಬೆಳಗ್ಗೆ ಐದರಿಂದ ಮೀನಿನ ಕಾರ್ಖಾನೆಯಲ್ಲಿ ಹೆರ್ರಿಂಗ್ ಮೀನು ಡಬ್ಬಿಗೆ ತುಂಬುವುದು, ಸಂಜೆ ಗೋಲು ಕಾಯುವುದು. ವೃತ್ತಿಪರ ಆಟಗಾರ್ತಿ ಅಂತ ಕಾಗದದಲ್ಲಿತ್ತು. ಕೈಗವಸು ತೆಗೆದರೆ ಮೀನು ನಾರುತ್ತಿತ್ತು. ರಷ್ಯಾದಲ್ಲಿ ಎರಡು ವರ್ಷ ನಿಜವಾದ ಸಂಬಳ ಕೊಟ್ಟರು, ಜೊತೆಗೆ ಮಂಡಿಯನ್ನೂ ಮುರಿದು ಕೊಟ್ಟರು. ದೇಶದ ತಂಡಕ್ಕೆ ಒಂದು ಕಂಚಿನ ಪದಕ ಬಂತು. ವಿಮಾನ ನಿಲ್ದಾಣದಲ್ಲಿ ಸ್ವಾಗತಕ್ಕೆ ಬಂದಿದ್ದವರು ಅಮ್ಮಂದಿರು, ಒಬ್ಬ ಮಂತ್ರಿಯ ಕಾರ್ಯದರ್ಶಿ. ಆ ಕಾರ್ಯದರ್ಶಿ ಇವಳನ್ನು ಮಂಜಿನ ಮೇಲೆ ಕಲ್ಲು ಜಾರಿಸುವ ಕರ್ಲಿಂಗ್ ಆಟದ ತಂಡದವಳು ಅಂದುಕೊಂಡು ಕೈ ಕುಲುಕಿದ.

ಹದಿನೇಳನೇ ವಯಸ್ಸಿನಲ್ಲಿ ಸಿಕ್ಕ ಮೊದಲ ದೊಡ್ಡ ಕೋಚು ಅವಳನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ. "ಬಾಗಿಲು" ಅನ್ನುತ್ತಿದ್ದ. ಒಂದು ಗೋಲು ಬಿಟ್ಟರೆ, "ಬಾಗಿಲು ತೆಗ್ದಿದೆ, ಬನ್ನಿ ಬನ್ನಿ, ಚಪ್ಪಲಿ ಬಿಟ್ಟು ಒಳಗೆ ಬನ್ನಿ," ಅಂತ ಇಡೀ ಅಂಗಳಕ್ಕೆ ಕೇಳುವ ಹಾಗೆ ಕೂಗುತ್ತಿದ್ದ. ಮೂರು ವರ್ಷ ಅವನ ಕೈಕೆಳಗೆ ಆಡಿ ಅವಳು ಕಲಿತದ್ದು ಅವನ ನಾಲಿಗೆಯನ್ನು. ಅದನ್ನು ಅವಳು ಯಾರ ಮುಂದೂ ಒಪ್ಪುತ್ತಿರಲಿಲ್ಲ.

ರೌತಸಾರಿಯಲ್ಲಿ ಆ ನಾಲಿಗೆಗೆ ಕೈತುಂಬ ಕೆಲಸ ಸಿಕ್ಕಿತು. ಮರದ ಮಿಲ್ಲಿನ ಕೆಲಸಗಾರರು, ಇಬ್ಬರು ಶಾಲಾ ಮೇಷ್ಟರು, ಒಬ್ಬ ಅಗ್ನಿಶಾಮಕದವನು, ಮೂವರು ಏನೂ ಮಾಡದವರು, ಇದು ತಂಡ. ಇವರ ನಾಯಕ ಯೆಸ್ಸೆ, ರೈಮೋನ ಅಕ್ಕನ ಮಗ. ಮೂವತ್ತೊಂದು ವರ್ಷ. ಎಂದೋ ಒಂದು ಕಾಲದಲ್ಲಿ ದೊಡ್ಡ ಲೀಗಿನವರು ಅವನನ್ನು ಎರಡು ವಾರ ಪರೀಕ್ಷೆಗೆ ಕರೆದಿದ್ದರು. ಆ ಎರಡು ವಾರದ ಹೆಸರು ಹೇಳಿಕೊಂಡೇ ಅವನು ಹನ್ನೆರಡು ವರ್ಷದಿಂದ ಬದುಕುತ್ತಿದ್ದ. ಮುಂದಕ್ಕೆ ಹೋಗುವಾಗ ಬಾಣ. ವಾಪಸು ಬರುವಾಗ ಮದುವೆ ಊಟ ಮುಗಿಸಿ ಬಂದವನ ನಡಿಗೆ.

"ಯೆಸ್ಸೆ," ಅಂದಳು ಮೊದಲ ವಾರವೇ. "ಅಲ್ಲಿಂದ ಇಲ್ಲಿಗೆ ಬರೋಕೆ ಬಸ್ಸು ಕಾಯ್ತಾ ಇದ್ದೀಯಾ?"

ಹುಡುಗರು ಬಿದ್ದು ಬಿದ್ದು ನಕ್ಕರು. ಯೆಸ್ಸೆ ಮುಖ ಕೆಂಪಗೆ ಮಾಡಿಕೊಂಡು ಆ ದಿನ ಓಡಿದ, ಮರುದಿನ ಮಾವನ ಹತ್ತಿರ ದೂರು ಹೇಳಿದ. ದೂರು ಬಂದ ಮೇಲೆ ವಿರ್ಪಿ ಅವನನ್ನು ಎರಡು ಆಟ ಬೆಂಚಿನ ಮೇಲೆ ಕೂರಿಸಿದಳು. ತಂಡ ಆ ಎರಡೂ ಆಟ ಗೆದ್ದಿತು. ರೈಮೋ ಗೊಣಗಿದ, ಗೆದ್ದದ್ದನ್ನು ಮೈಕಿನಲ್ಲಿ ತಾನೇ ಗೆದ್ದ ಹಾಗೆ ಹೇಳಿಕೊಂಡ. ಜನವರಿಯಲ್ಲಿ ಇನ್ನೂ ಮೂರು ಆಟ ಗೆದ್ದರು. ಕೋಚ್ ಇವತ್ತು ಯಾರನ್ನು ಹರಿದು ಹಾಕುತ್ತಾಳೆ ಅಂತ ಕೇಳಲು ಆಟಗಾರರು ಅಭ್ಯಾಸಕ್ಕೆ ಹೊತ್ತಿಗೆ ಮುಂಚೆಯೇ ಬರತೊಡಗಿದರು. ಬೈಗುಳ ಪಕ್ಕದವನಿಗೆ ಬೀಳುವಾಗ ಬಲು ರುಚಿ.

ದಿನವೂ ತಪ್ಪದೆ ಅದು ಬೀಳುತ್ತಿದ್ದದ್ದು ಓಸ್ಕುವಿಗೆ.

ಓಸ್ಕು ಎರಡನೇ ಗೋಲ್‌ಕೀಪರ್. ಊರ ಬೇಕರಿಯಲ್ಲಿ ರೈ ಅನ್ನುವ ಧಾನ್ಯದ ಬ್ರೆಡ್ಡು ಬೇಯಿಸುವವನು, ಇಪ್ಪತ್ತೇಳು ವರ್ಷ, ದೊಡ್ಡ ಮೈ, ನಿಧಾನದ ಮಾತು. ಮೊದಲನೇ ಗೋಲ್‌ಕೀಪರ್ ಮಿಸ್ಕಾ ಆಡುವಾಗ ಇವನು ಬೆಂಚಿನ ತುದಿಯಲ್ಲಿ ಕೂತು, ಆಟಗಾರರು ಹೋಗಿ ಬರುವ ಬಾಗಿಲ ಚಿಲಕ ತೆಗೆಯುತ್ತಾ ಹಾಕುತ್ತಾ ಇರುತ್ತಿದ್ದ. ಅಭ್ಯಾಸದಲ್ಲಿ ಎಲ್ಲರೂ ಇವನ ಮೇಲೆ ಪಕ್ ಹೊಡೆದು ಕೈ ಪಳಗಿಸಿಕೊಳ್ಳುತ್ತಿದ್ದರು. ಆ ಕರಿ ರಬ್ಬರ್ ಬಿಲ್ಲೆ ಬಂತು ಅಂದರೆ ಓಸ್ಕು ದೊಪ್ಪನೆ ಮಂಡಿಯೂರಿ ಬೀಳುತ್ತಿದ್ದ, ಪಕ್ ಅವನ ಹೆಗಲ ಮೇಲಿಂದ ಬಲೆಗೆ ಹೋಗುತ್ತಿತ್ತು.

"ಸೋಫಾ," ಅಂದಳು ವಿರ್ಪಿ ಒಂದು ದಿನ. "ಅಂಗಡಿಯವ್ರು ತಂದು ಇಲ್ಲಿ ಇಳಿಸಿ ಹೋಗಿದ್ದಾರೆ. ಮೂರು ಜನ ಆರಾಮಾಗಿ ಕೂರ್ಬಹುದು."

ಅಂದಿನಿಂದ ಅವನ ಹೆಸರು ಸೋಫಾ. ಆಟಗಾರರು ಕರೆದರು, ಕ್ಯಾಂಟೀನಿನ ಹೆಂಗಸು ಕರೆದಳು, ಬೇಕರಿಗೆ ಬರುವ ಗಿರಾಕಿಗಳೂ ಕರೆದರು. ಓಸ್ಕು ಉತ್ತರ ಕೊಡುತ್ತಿರಲಿಲ್ಲ. ಉತ್ತರ ಕೊಡದವನನ್ನು ಇನ್ನೂ ನಾಲ್ಕು ಮಾತು ಅನ್ನುವುದು ವಿರ್ಪಿಗೆ ಚಟವಾಯಿತು.

ಫೆಬ್ರವರಿಯ ಎರಡನೇ ವಾರ ಅವನು ಬರಲಿಲ್ಲ. ಮೂರು ದಿನವಾದ ಮೇಲೆ ತೌನೋ, "ಓಸ್ಕು ಸಾಮಾನು ವಾಪಸು ಕೊಟ್ಟು ಹೋದ," ಅಂದ.

"ಕಾರಣ?"

"ಹೇಳ್ಲಿಲ್ಲ. ಪ್ಯಾಡು ಒರೆಸಿ ಒಣಗಿಸಿ ತಂದಿದ್ದ. ನಲವತ್ತು ವರ್ಷದಲ್ಲಿ ಹಂಗೆ ಸ್ವಚ್ಛ ಮಾಡಿ ಕೊಟ್ಟೋನು ಅವನೊಬ್ನೇ." ತೌನೋ ಸ್ಕೇಟನ್ನು ಬೆಳಕಿಗೆ ಹಿಡಿದು ಅಂಚು ನೋಡಿದ. "ನಾನಾಗಿದ್ರೆ ನಿನ್ನ ತಲೆ ಮೇಲೆ ಎಸ್ದು ಹೋಗ್ತಿದ್ದೆ."

ವಿರ್ಪಿ ಹೆಗಲು ಕುಣಿಸಿದಳು. ಬೆಂಚಿಗೆ ಭಾರ ಕಡಿಮೆ ಆಯಿತು ಅಂದಳು. ಆ ಮಾತಿಗೆ ಯಾರೂ ನಗಲಿಲ್ಲ. ನಗುವವರು ಯಾರೂ ಹತ್ತಿರದಲ್ಲಿ ಇರಲಿಲ್ಲ ಅಂತ ಅವಳು ಅಂದುಕೊಂಡಳು.

ಮಾರ್ಚ್ ಮೊದಲ ವಾರ ಮಿಸ್ಕಾ ಒಂದು ಪಕ್ ತಡೆಯಲು ಕಾಲು ಚಾಚಿದವನು ಮೇಲೇಳಲಿಲ್ಲ. ತೊಡೆಸಂದಿನ ಸ್ನಾಯು ಹರಿದಿತ್ತು. ಹನ್ನೊಂದು ದಿನ ಬಿಟ್ಟು ಹರ್ಮಲಂಪಿ ಊರಿನ ತಂಡದ ಜೊತೆ ಮೂರು ಆಟ. ಎರಡು ಗೆದ್ದವರು ಈ ದರ್ಜೆಯಲ್ಲಿ ಉಳಿಯುತ್ತಾರೆ, ಸೋತವರು ಕೆಳಗಿನ ದರ್ಜೆಗೆ ಬೀಳುತ್ತಾರೆ. ರೈಮೋ ಓಡೋಡಿ ಬಂದ.

"ನೀನೇ ನಿಂತ್ಕೋ ವಿರ್ಪಿ. ಊರ ತುಂಬ ಪೋಸ್ಟರ್ ಹಾಕಿಸ್ತೀನಿ. ಅಂಗಳ ತುಂಬ್ಹೋಗತ್ತೆ."

"ನನ್ನ ಎರಡು ಮಂಡೀಲೂ ಸೇರಿ ಒಂದು ಮಂಡಿಗಾಗೋಷ್ಟು ಮೂಳೆ ಇಲ್ಲ. ಜಾಹೀರಾತು ಬೇಕಿದ್ರೆ ನೀನೇ ನಿಲ್ಲು ರೈಮೋ. ನಿನ್ನ ಹೊಟ್ಟೆಗೆ ಅರ್ಧ ಗೋಲು ತಾನಾಗೇ ಮುಚ್ಚತ್ತೆ."

ಹಾಗಂದವಳು ಮರುದಿನ ಬೇಕರಿಗೆ ಹೋದಳು. ಓಸ್ಕು ಉದ್ದದ ಮರದ ಹಲಗೆಯಿಂದ ಒಲೆಯೊಳಗಿನ ಬ್ರೆಡ್ಡುಗಳನ್ನು ಹೊರಗೆಳೆಯುತ್ತಿದ್ದ. ಒಂದೊಂದನ್ನೂ ತಿರುಗಿಸಿ ಬೆರಳಿನಿಂದ ತಟ್ಟಿ ಸದ್ದು ಕೇಳಿ ಪಕ್ಕಕ್ಕಿಡುತ್ತಿದ್ದ. ಅಲ್ಲಿ ಅವನು ನಿಧಾನದವನಾಗಿ ಕಾಣಲಿಲ್ಲ.

"ಮಿಸ್ಕಾ ಬಿದ್ದಿದ್ದಾನೆ. ನಾಳೆ ಅಭ್ಯಾಸಕ್ಕೆ ಬಾ."

"ಬರಲ್ಲ."

"ಯಾಕೆ? ಬೇಜಾರಾಯ್ತಾ? ಸೋಫಾ ಅಂದಿದ್ದಕ್ಕಾ? ನನಗೆ ಏನೇನು ಅಂದಿದ್ರು ಗೊತ್ತಾ ನಿಂಗೆ?"

ಓಸ್ಕು ಹಲಗೆ ಗೋಡೆಗೆ ಒರಗಿಸಿದ. ಇಷ್ಟು ದಿನ ಅವಳನ್ನು ಕೋಚ್, ನೀವು ಅನ್ನುತ್ತಿದ್ದವನು ಈಗ ಅದೆರಡನ್ನೂ ಬಿಟ್ಟ.

"ನೋಡು ವಿರ್ಪಿ. ನನಗೆ ಆಟ ಅಷ್ಟಕ್ಕಷ್ಟೇ ಅಂತ ನನಗೇ ಗೊತ್ತು. ಅದನ್ನ ಹೇಳೋಕೆ ದೇಶದ ತಂಡದವರು ಬರ್ಬೇಕಾಗಿರ್ಲಿಲ್ಲ. ನೀನು ಬರ್ತೀಯ ಅಂದಾಗ ಖುಷಿಪಟ್ಟೋನು ಇಡೀ ತಂಡದಲ್ಲಿ ನಾನೊಬ್ನೇ. ಯಾಕೆ ಹೇಳು? ಹದಿನಾರು ವರ್ಷ ಗೋಲು ಕಾದೋಳು, ಏನಾದ್ರೂ ಹೇಳಿಕೊಡ್ತಾಳೆ ಅಂತ. ಎರಡು ತಿಂಗಳು ಕಾದೆ. ನೀನು ಹೇಳಿಕೊಟ್ಟಿದ್ದು ಒಂದು ಪೀಠೋಪಕರಣದ ಹೆಸರು."

ವಿರ್ಪಿ ಒಲೆಯ ಪಕ್ಕದ ಬ್ರೆಡ್ಡುಗಳ ಕಡೆ ನೋಡಿದಳು.

"ಬ್ರೆಡ್ಡು ಬೇಕಾ?" ಅಂದ ಓಸ್ಕು. "ಇಲ್ಲಾಂದ್ರೆ ದಾರಿ ಬಿಡು, ಬಿಸಿ ಇದೆ."

ಅವಳು ಒಂದು ಬ್ರೆಡ್ಡು ಕೊಂಡು ಹೊರಗೆ ಬಂದಳು. ಕಾರಿನಲ್ಲಿ ಕೂತು ಅವನನ್ನು ಬೈದುಕೊಂಡಳು: ದಪ್ಪ ಚರ್ಮ ಇಲ್ಲದವನು, ಬೇಕರಿಯ ಬೊಂಬೆ, ಇಂಥವರಿಂದಲೇ ಊರು ಹಾಳು. ಬೈಗುಳ ಸರಿಯಾಗಿ ಕೂರಲಿಲ್ಲ. ಎಂಜಿನ್ ಬಿಸಿಯಾಗುವಷ್ಟು ಹೊತ್ತು ಕೂತಾಗ ಅವಳ ಕಿವಿಗೆ ಬಿದ್ದದ್ದು ಆ ಹಳೆಯ ಕೋಚಿನ ದನಿ. ಅವನು ತನಗೆ ಏನು ಕಲಿಸಿದ್ದ ಅಂತ ಯೋಚಿಸಿದಳು. ಏನೂ ಸಿಗಲಿಲ್ಲ. ಕಲಿತದ್ದೆಲ್ಲ ಸ್ವೀಡನ್ನಿನಲ್ಲಿ, ಒಬ್ಬ ವಯಸ್ಸಾದ ಗೋಲ್‌ಕೀಪರ್ ಹೆಂಗಸಿನಿಂದ. ಆ ಹೆಂಗಸು ಬೈಯುತ್ತಿರಲಿಲ್ಲ. ಅಷ್ಟೊಂದು ಮಾತೂ ಬರುತ್ತಿರಲಿಲ್ಲ ಅವಳಿಗೆ.

ಮಾರನೇ ದಿನ ಹನ್ನೊಂದಕ್ಕೆ ಓಸ್ಕು ಕೆಲಸ ಮುಗಿಸಿ ಬರುವಾಗ ವಿರ್ಪಿ ಬೇಕರಿಯ ಹಿಂದುಗಡೆ ನಿಂತಿದ್ದಳು.

"ಆಡು ಅಂತ ಕೇಳೋಕೆ ಬಂದಿಲ್ಲ," ಅಂದಳು. "ನೀನು ಅಂದಿದ್ದು ಸರಿ. ನಿನ್ನ ತಪ್ಪು ಏನು ಅಂತ ನನಗೆ ಮೊದಲ ದಿನವೇ ಕಂಡಿತ್ತು. ಹೇಳ್ಲಿಲ್ಲ. ನಗಿಸೋದು ಸುಲಭ ಇತ್ತು, ನಗಿಸಿದೆ. ಇಷ್ಟೇ ಹೇಳ್ಬೇಕಿತ್ತು."

ತಿರುಗಿ ಹೊರಟಳು. ನಾಲ್ಕು ಹೆಜ್ಜೆ ಹೋಗಿರಬೇಕು.

"ಏನು ತಪ್ಪು?" ಅಂದ ಓಸ್ಕು.

"ಹಾಂ?"

"ನನ್ನ ತಪ್ಪು. ಏನದು?"

"ಬೇಗ ಬೀಳ್ತೀಯ. ಪಕ್ಕು ಇನ್ನೂ ಅವನ ಸ್ಟಿಕ್ಕಲ್ಲೇ ಇರತ್ತೆ, ನೀನು ಮಂಡಿ ಊರಿ ಆಗಿರತ್ತೆ. ಹೊಡೆಯೋನು ಕಾಯ್ತಾನೆ, ನೀನು ಬಿದ್ಮೇಲೆ ಮೇಲ್ಗಡೆ ಹೊಡೀತಾನೆ. ನಿಂತ್ಕೊಂಡಿದ್ರೆ ನಿನ್ನ ಗಾತ್ರಕ್ಕೆ ಅವನಿಗೆ ಬಲೆನೇ ಕಾಣಲ್ಲ."

"ಅಷ್ಟೇನಾ?"

"ಮುಕ್ಕಾಲು ಪಾಲು ಅಷ್ಟೇ."

"ಇದನ್ನ ನೀನು ಎರಡು ತಿಂಗಳು ಬಾಯಲ್ಲಿ ಇಟ್ಕೊಂಡಿದ್ದೆ."

"ಹೂಂ."

ಓಸ್ಕು ಹಿಟ್ಟು ಮೆತ್ತಿದ ಟೋಪಿ ತೆಗೆದು ತೊಡೆಗೆ ಬಡಿದ. ಅವಳನ್ನು ನೋಡಿದ. ಆ ನೋಟದಲ್ಲಿ ಗೌರವದ ಸುಳಿವೂ ಇರಲಿಲ್ಲ.

"ದಿನಾ ಹನ್ನೆರಡಕ್ಕೆ ಬರ್ತೀನಿ," ಅಂದ. "ಬೇರೆ ಯಾರೂ ಇರ್ಬಾರ್ದು. ತಂಡದ ಮುಂದೆ ಕ್ಷಮೆ ಗಿಮೆ ಅಂತ ನಾಟಕ ಬೇಡ, ನನಗೆ ಆಗಿಬರಲ್ಲ. ಕಲಿಸು."

ಒಂಬತ್ತು ದಿನ ಕಲಿಸಿದಳು. ಕಲಿಸುವುದು ಅವಳಿಗೆ ಬರುತ್ತಲೇ ಇರಲಿಲ್ಲ ಅನ್ನುವುದು ಮೊದಲ ಅರ್ಧ ಗಂಟೆಯಲ್ಲೇ ಗೊತ್ತಾಯಿತು. ಅವನು ಬಿದ್ದ ಕೂಡಲೇ ಬಾಯಿ ತಾನಾಗೇ ತೆರೆದುಕೊಳ್ಳುತ್ತಿತ್ತು. "ಹಿಟ್ಟಿನ ಮೂಟೆ ಕೂಡ ಇಷ್ಟು ಬೇಗ ಬೀಳಲ್ಲ ಕಣೋ, ಅದಕ್ಕೂ ಯಾರಾದ್ರೂ ದಬ್ಬಬೇಕು."

ಓಸ್ಕು ಮುಖದ ಕವಚ ಮೇಲೆತ್ತಿದ. "ಬೈದಾಯ್ತಾ? ಈಗ ಏನು ಮಾಡ್ಬೇಕು ಹೇಳು."

ಇದನ್ನು ಅವನು ಆ ದಿನ ಹದಿನಾಲ್ಕು ಸಲ ಹೇಳಿದ. ಸಿಟ್ಟಿಲ್ಲದೆ, ಬೇಕರಿಯಲ್ಲಿ ಗಿರಾಕಿಯನ್ನು ಕೇಳುವ ಧಾಟಿಯಲ್ಲಿ. ಮೂರನೇ ದಿನದ ಹೊತ್ತಿಗೆ ವಿರ್ಪಿ ಬೈಗುಳ ಬಿಟ್ಟು ನೇರವಾಗಿ ಎರಡನೇ ಮಾತಿಗೆ ಬರತೊಡಗಿದಳು. ಹೊತ್ತು ಉಳಿಯಿತು. ಅವನ ಕೈಯಿಂದ ಸ್ಟಿಕ್ಕು ಕಿತ್ತುಕೊಂಡು ಟೆನಿಸ್ ಚೆಂಡು ಎಸೆದಳು. ಹೊಡೆಯುವ ಹಾಗೆ ಮಾಡಿ ಹೊಡೆಯದೆ ನಿಂತಳು, ಅವನು ಬೀಳದೆ ನಿಲ್ಲುವವರೆಗೂ. ಮಂಡಿ ನೋವಿಗೆ ಐಸ್ ಮೇಲೆ ಒಂದು ಸ್ಟೂಲು ತಂದಿಟ್ಟುಕೊಂಡು ಕೂತೇ ಪಕ್ ಹೊಡೆದಳು. ಅವನೇನೂ ಮಹಾ ಆಟಗಾರನಾಗಲಿಲ್ಲ. ಒಂದು ಗಳಿಗೆ ತಡೆದು ಬೀಳುವುದನ್ನು ಕಲಿತ. ಆ ದರ್ಜೆಗೆ ಅದು ಸಾಕಿತ್ತು.

ಹರ್ಮಲಂಪಿಯ ಜೊತೆ ಮೊದಲ ಆಟ ಮೂರು-ಎರಡರಿಂದ ಸೋತರು. ಎರಡನೆಯದು ಎರಡು-ಒಂದರಿಂದ ಗೆದ್ದರು. ಓಸ್ಕು ನಿಂತ, ನಿಂತೇ ಇದ್ದ. ಹರ್ಮಲಂಪಿಯವರು ಮೇಲೆ ಹೊಡೆಯಲು ಕಾದರು. ಅವನು ಬೀಳಲಿಲ್ಲ, ಅವರು ಎದೆಗುಂದಿದರು. ಮೂರನೆಯ ಆಟ ರೌತಸಾರಿಯಲ್ಲಿ, ಶನಿವಾರ ಮಧ್ಯಾಹ್ನ. ಆರುನೂರು ಜನ. ಅರವತ್ತು ನಿಮಿಷ ಮುಗಿದಾಗ ಒಂದು-ಒಂದು. ಹೆಚ್ಚುವರಿ ಆಟದ ನಾಲ್ಕನೇ ನಿಮಿಷ ಯೆಸ್ಸೆಗೆ ಪಕ್ ಸಿಕ್ಕಿತು. ಬಲಕ್ಕೆ ಒಬ್ಬ, ಎಡಕ್ಕೆ ಒಬ್ಬ ಕಾದು ನಿಂತಿದ್ದರೂ ಯಾರಿಗೂ ಕೊಡದೆ, ಹುಡುಗಿಯರು ಕೂತಿದ್ದ ಕಡೆ ಮುಖ ಮಾಡಿ, ಎದುರಿನವನ ಕಾಲ ಸಂದಿಯಿಂದ ದಾಟಿಸಲು ಹೋದ. ಪಕ್ ಕಳೆದುಕೊಂಡ. ಕಳೆದುಕೊಂಡವನು ತಲೆ ಮೇಲೆ ಕೈಯಿಟ್ಟು ಅಲ್ಲೇ ನಿಂತ, ಹಿಂದಕ್ಕೆ ಬರಲಿಲ್ಲ. ಇಬ್ಬರು ಹರ್ಮಲಂಪಿಯವರು ಒಬ್ಬನೇ ಓಸ್ಕುವಿನ ಮೇಲೆ ಬಂದರು. ಮೊದಲ ಹೊಡೆತವನ್ನು ಓಸ್ಕು ಎದೆಯಲ್ಲಿ ತಡೆದ. ಸಿಡಿದ ಪಕ್ಕನ್ನು ಎರಡನೆಯವನು ಖಾಲಿ ಮೂಲೆಗೆ ತಳ್ಳಿದ.

ರೌತಸಾರಿ ಕೆಳದರ್ಜೆಗೆ ಬಿತ್ತು.

ಆಟದ ನಂತರ ಕ್ಯಾಂಟೀನಿನಲ್ಲಿ ರೈಮೋ ಮೈಕು ಹಿಡಿದ. ಕಣ್ಣಲ್ಲಿ ನೀರು ಕೂಡ ತಂದುಕೊಂಡಿದ್ದ. ನಾಯಕ ಪ್ರಾಣ ಕೊಟ್ಟು ಆಡಿದ ಅಂದ. ಆದರೆ ಏನು ಮಾಡುವುದು, ಗೋಲಿನಲ್ಲಿ ಅನುಭವ ಇರಲಿಲ್ಲ, ದೊಡ್ಡ ಆಟದಲ್ಲಿ ಬೇಕರಿಯವರಿಂದ ಎಷ್ಟು ತಾನೆ ನಿರೀಕ್ಷಿಸುವುದು ಅಂದ. ಕೆಲವರು ತಲೆಯಾಡಿಸಿದರು. ಓಸ್ಕು ಹಿಂದಿನ ಮೇಜಿನಲ್ಲಿ ಬಟಾಣಿ ಸೂಪು ಕುಡಿಯುತ್ತಿದ್ದ. ತಲೆ ಎತ್ತಲಿಲ್ಲ.

ವಿರ್ಪಿ ಹೋಗಿ ರೈಮೋನ ಕೈಯಿಂದ ಮೈಕು ತೆಗೆದುಕೊಂಡಳು.

"ಇವತ್ತು ಓಸ್ಕು ಮೂವತ್ತೆಂಟು ಹೊಡೆತ ತಡೆದಿದ್ದಾನೆ. ಇವತ್ತಿನ ಸೋಲಿಗೆ ಕಾರಣ ಯೆಸ್ಸೆ. ಅವನು ಪಕ್ಕು ಕಳ್ಕೊಂಡ, ಕಳ್ಕೊಂಡ್ಮೇಲೆ ಫೋಟೋಗೆ ನಿಂತ ಹಾಗೆ ನಿಂತ. ಹನ್ನೆರಡು ವರ್ಷದಿಂದ ಹಂಗೇ ನಿಂತಿದ್ದಾನೆ. ಅವನನ್ನ ನಾಯಕ ಮಾಡಿರೋದು ಅವನ ಮಾವ. ಮಾವನಿಗೆ ಟೈರಿನ ವಿಷಯ ಗೊತ್ತು, ಆಟದ ವಿಷಯ ಗೊತ್ತಿಲ್ಲ. ಇನ್ನು ನನ್ನ ತಪ್ಪು ಒಂದಿದೆ. ಇವತ್ತು ಯೆಸ್ಸೆನ ಬೆಂಚಲ್ಲಿ ಕೂರಿಸ್ಬೇಕಿತ್ತು, ಕೂರಿಸ್ಲಿಲ್ಲ. ಅಂಗಳ ತುಂಬ ಜನ ಬಂದಿದ್ದಾರೆ, ಗಲಾಟೆ ಬೇಡ ಅಂತ ಹೆದರಿದೆ. ಅಷ್ಟೇ. ಸೂಪು ಆರತ್ತೆ, ಕುಡೀರಿ."

ಯೆಸ್ಸೆ ಎದ್ದು ಹೊರಗೆ ಹೋದ. ರೈಮೋ ಅಲ್ಲೇ, ಎಲ್ಲರ ಮುಂದೆ, ಮೈಕು ಇಲ್ಲದ ಸಣ್ಣ ದನಿಯಲ್ಲಿ ಅವಳನ್ನು ಕೆಲಸದಿಂದ ತೆಗೆದ. ಅವಳು ಕೀಲಿಕೈ ಗೊಂಚಲನ್ನು ಸಾಸಿವೆ ಬಾಟಲಿಯ ಪಕ್ಕದಲ್ಲಿಟ್ಟು ಹೊರಟಳು.

ಕಾರಿನ ಗಾಜಿನ ಮೇಲಿನ ಮಂಜು ಕೆರೆಯುತ್ತಿದ್ದಾಗ ಓಸ್ಕು ಬಂದ. ಅವನು ಕೃತಜ್ಞತೆ ಹೇಳಬಹುದು ಅಂತ ಅವಳಿಗೆ ಒಂದು ಕ್ಷಣ ಅನ್ನಿಸಿತು.

"ನನ್ನ ಪರವಾಗಿ ಮಾತಾಡು ಅಂತ ನಾನು ಕೇಳಿದ್ನಾ?" ಅಂದ.

"ಸುಳ್ಳು ಹೇಳ್ತಾ ಇದ್ದ ಅವನು."

"ಅವನು ಹೇಳೋದು ಸುಳ್ಳು ಅಂತ ಊರಿಗೆಲ್ಲ ಗೊತ್ತು. ಸೂಪು ಕುಡಿದು ಮನೆಗೆ ಹೋಗ್ತಿದ್ದೆ, ಮುಗೀತಿತ್ತು. ಈಗ ಸೋಮವಾರ ಬೆಳಗ್ಗೆ ಬ್ರೆಡ್ಡಿಗೆ ಬರೋರೆಲ್ಲ ಇದನ್ನೇ ಕೇಳ್ತಾರೆ. ನಾಟಕ ಬೇಡ ಅಂದಿದ್ದೆ ತಾನೆ?"

"ಅಂದಿದ್ದೆ."

"ನಿನಗೆ ಬಾಯಿ ಇದೆ ಅಂತ ಎಲ್ಲ ಕಡೆ ಬಿಡ್ತೀಯ. ಬೈಯೋಕೂ ಅದೇ, ಹೊಗಳೋಕೂ ಅದೇ. ಎರಡರಲ್ಲೂ ಎಲ್ಲರ ಕಣ್ಣೆದುರು ನಿಂತ್ಕೊಳ್ಳೋಳು ನೀನೇ."

ವಿರ್ಪಿ ಮಂಜು ಕೆರೆಯುವುದನ್ನು ನಿಲ್ಲಿಸಿದಳು. ಇವನಿಗೆ ಒಂದು ಮಾತು ತಿರುಗಿಸಿ ಕೊಡಬಹುದಿತ್ತು, ನಾಲಿಗೆ ತುದಿಯಲ್ಲೇ ಇತ್ತು. ನುಂಗಿಕೊಂಡಳು.

"ಚೆನ್ನಾಗಿ ಆಡಿದೆ," ಅಂದಳು ಮೆಲ್ಲಗೆ.

"ಗೊತ್ತು," ಅಂದು ಓಸ್ಕು ತನ್ನ ಸೈಕಲ್ ಕಡೆ ಹೋದ.

ಬೇಸಿಗೆಯಲ್ಲಿ ರೌತಸಾರಿಯವರು ಯೆಸ್ಸೆಯನ್ನೇ ಕೋಚ್ ಮಾಡಿದರು, ನಾಯಕನಾಗಿಯೂ ಇಟ್ಟುಕೊಂಡರು. ಮಾವ ಅಳಿಯ ಇಬ್ಬರೇ ಕೂತು ನಡೆಸಿದ ಆಯ್ಕೆಯಲ್ಲಿ ಒಮ್ಮತ ಸುಲಭವಾಗಿ ಬಂದಿರಬೇಕು. ಪತ್ರಿಕೆಯಲ್ಲಿ ಇಬ್ಬರ ಫೋಟೋ ಬಂತು, ಹಿಂದೆ ಟೈರುಗಳು. ವಿರ್ಪಿಗೆ ಎರಡು ಗಂಟೆ ದಾರಿಯ ಒಂದು ಊರಿನಲ್ಲಿ ಗೋಲ್‌ಕೀಪರುಗಳಿಗೆ ಮಾತ್ರ ಕಲಿಸುವ ಕೆಲಸ ಸಿಕ್ಕಿತು. ತಂಡ ಅಲ್ಲ, ಮೈಕಿಲ್ಲ, ಬೆಂಚಿಲ್ಲ; ವಾರಕ್ಕೆ ನಾಲ್ಕು ದಿನ, ಆರೇಳು ಹುಡುಗ ಹುಡುಗಿಯರು. ಇಷ್ಟು ವರ್ಷ ಆಡಿ ಕೊನೆಗೆ ಸಿಕ್ಕಿದ್ದು ಇದೇನಾ ಅಂತ ಅವಳ ತಂಗಿ ಕೇಳಿದಳು. ವಿರ್ಪಿಯೂ ತನ್ನನ್ನು ಅದನ್ನೇ ಕೇಳಿಕೊಂಡಿದ್ದಳು. ಅಲ್ಲಿಯೂ ಅವಳು ಮೃದು ಮಾತಿನವಳೇನೂ ಆಗಲಿಲ್ಲ. ಮೊದಲ ತಿಂಗಳಲ್ಲೇ ಒಬ್ಬಳ ತಂದೆ ಬಂದು ಜಗಳವಾಡಿ ಹೋದ. ಆದರೆ ಬೈದ ಮೇಲೆ ಒಂದು ಗಳಿಗೆ ನಿಂತು, ಮುಂದೆ ಏನು ಮಾಡಬೇಕು ಅನ್ನುವುದನ್ನೂ ಹೇಳುತ್ತಿದ್ದಳು.

ನವೆಂಬರಿನಲ್ಲಿ ಒಂದು ಮಧ್ಯಾಹ್ನ ಫೋನು ಬಂತು.

"ಓಸ್ಕು," ಅಂದಿತು ಆ ಕಡೆಯ ದನಿ. ಹೇಗಿದ್ದೀಯ ಅಂತ ಕೇಳಲಿಲ್ಲ. "ಎದುರಿನವನು ಎಡಗಡೆಯಿಂದ ಗೋಲಿನ ಹಿಂದುಗಡೆ ಸುತ್ತಿ ಬಂದ್ರೆ ಯಾವ ಕಾಲನ್ನ ಗೋಲಿನ ಕಂಬಕ್ಕೆ ಒತ್ಬೇಕು? ಎರಡು ಸಲ ಅಲ್ಲೇ ಗೋಲು ತಿಂದೆ."

"ಈಗ ಯಾವ್ದನ್ನ ಒತ್ತೀಯ?"

"ಎಡಗಾಲು."

"ಮೊದಲು ತಲೆ ತಿರುಗಿಸ್ತೀಯಾ, ಕಾಲು ಸರಿಸ್ತೀಯಾ?"

ಓಸ್ಕು ಯೋಚಿಸಿದ. "ಕಾಲು."

"ತಲೆ ಮೊದಲು. ನೋಡ್ದೆ ಇರೋ ಕಡೆ ಮೈ ಹೋಗಲ್ಲ."

ಹತ್ತು ನಿಮಿಷ ಮಾತಾಡಿದರು, ಎಲ್ಲ ಕಂಬದ ವಿಷಯ, ಮಂಡಿಯ ವಿಷಯ. ಯೆಸ್ಸೆಯ ಕೋಚಿಂಗ್ ಹೇಗಿದೆ ಅಂತ ಕೇಳಲು ಅವಳಿಗೆ ಬಾಯಿ ತುರಿಸುತ್ತಿತ್ತು. ಕೇಳಲಿಲ್ಲ. ತಾನಾಗಿ ಅವನೂ ಹೇಳಲಿಲ್ಲ.

"ಸರಿ, ನೋಡ್ತೀನಿ," ಅಂದು ಓಸ್ಕು ಫೋನಿಟ್ಟ.